ಅಡಿಕೆ ಮರದ ಅಣಬೆ ಪುಡಿ ಅಪ್ಪನಿಗೆ ಕೊಡಬಹುದಾ? ಕಾಡಣಬೆಯಲ್ಲಿ ನಿಜವಾಗಿ ಏನಿದೆ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ ಹೇಳಿ. ನಮ್ಮದು ಕೊಪ್ಪದ ಹತ್ತಿರ. ಅಪ್ಪನಿಗೆ ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ಎರಡು ಗುಳಿಗೆ, ಕೊಲೆಸ್ಟ್ರಾಲ್‌ಗೆ ಒಂದು, ಶುಗರ್‌ಗೆ ಒಂದು ನಡೆಯುತ್ತಿದೆ. ಈಗ ನಮ್ಮ ಸೋದರಮಾವ ಅಡಿಕೆ ಮರದ ಬುಡದಲ್ಲಿ ಏಳುವ ಗಟ್ಟಿ ಅಣಬೆಯನ್ನು (ಮೇಲೆ ವಾರ್ನಿಷ್ ಹಚ್ಚಿದ ಹಾಗೆ ಕೆಂಪಗೆ ಹೊಳೆಯುತ್ತದಲ್ಲ, ಅದು) ಒಣಗಿಸಿ ಪುಡಿ ಮಾಡಿಸಿ ಡಬ್ಬಿ ತುಂಬ ತಂದು ಕೊಟ್ಟಿದ್ದಾರೆ. ಇದೇ ಗ್ಯಾನೊಡರ್ಮಾ, ಚೀನಾದವರು ಸಾವಿರಾರು ವರ್ಷದಿಂದ ತಿನ್ನುತ್ತಾರೆ, ಬ್ಲಾಕೇಜ್ ಕರಗುತ್ತದೆ, ಆಮೇಲೆ ಗುಳಿಗೆಯೇ ಬೇಡ ಅಂತ ಅವರ ವಾದ. ವಾಟ್ಸಾಪ್‌ನಲ್ಲಿ ಬಂದಿದ್ದನ್ನೆಲ್ಲ ತೋರಿಸುತ್ತಾರೆ. ಅಪ್ಪನಿಗೂ ಗುಳಿಗೆ ನುಂಗಿ ನುಂಗಿ ಬೇಜಾರಾಗಿದೆ, ಹಾಗಾಗಿ ಆಸೆ ಹುಟ್ಟಿದೆ.

ನಾವೂ ಚಿಕ್ಕಂದಿನಿಂದ ಹೆಗ್ಗಾಲ ಅಣಬೆ ತಿಂದೇ ಬೆಳೆದವರು. ಕಾಡಣಬೆ ಮೇಲೆ ನನಗೆ ದ್ವೇಷ ಏನೂ ಇಲ್ಲ. ಆದರೆ ಇದರಲ್ಲಿ ನಿಜವಾಗಿ ಔಷಧಿ ಗುಣ ಏನಿದೆ, ಎಷ್ಟು ಸಾಬೀತಾಗಿದೆ, ಗೊತ್ತಿರುವವರು ಹೇಳಿ.

ಗುಳಿಗೆ_ಅಂಗಡಿ
ಕೊಡಬೇಡಿ. ಮೊದಲು ಇದೊಂದು ಮಾತು, ಉಳಿದಿದ್ದು ಆಮೇಲೆ.

ಸ್ಟೆಂಟ್ ಹಾಕಿದವರಿಗೆ ಸಾಮಾನ್ಯವಾಗಿ ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್ ಅಥವಾ ಅಂಥದ್ದೇ ಇನ್ನೊಂದು ಇರುತ್ತದೆ. ಎರಡೂ ಪ್ಲೇಟ್‌ಲೆಟ್ ಅಂಟಿಕೊಳ್ಳದಂತೆ ತಡೆಯುತ್ತವೆ. ಗ್ಯಾನೊಡರ್ಮಾದಲ್ಲೂ ಅದೇ ದಿಕ್ಕಿನಲ್ಲಿ ಕೆಲಸ ಮಾಡುವ ಅಂಶಗಳಿವೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ಮೂರೂ ಸೇರಿದರೆ ಮೂಗಿನಲ್ಲಿ, ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ ಜಾಸ್ತಿ. ಅದಕ್ಕಿಂತ ದೊಡ್ಡ ಅಪಾಯ ಮಾವನವರ ಎರಡನೇ ಮಾತು, "ಆಮೇಲೆ ಗುಳಿಗೆಯೇ ಬೇಡ" ಅನ್ನುವುದು. ಸ್ಟೆಂಟ್ ಆದ ಮೊದಲ ವರ್ಷದಲ್ಲಿ ಈ ಗುಳಿಗೆ ತಾವೇ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಅದು ಜೀವಕ್ಕೇ ಕುತ್ತು.

ಮಲೆನಾಡಿಗ_77
ಇವರು ಔಷಧಿ ಅಂಗಡಿಯವರು, ಹೀಗೇ ಹೇಳುತ್ತಾರೆ. ಪ್ರಕೃತಿಯಲ್ಲಿ ಸಿಗೋದು ಉಚಿತ ಅಲ್ವಾ, ಅದಕ್ಕೆ ಯಾರೂ ಪ್ರಚಾರ ಕೊಡುವುದಿಲ್ಲ. ಜಪಾನ್‌ನಲ್ಲಿ ಕ್ಯಾನ್ಸರ್‌ಗೇ ಅಣಬೆ ಔಷಧಿ ಕೊಡುತ್ತಿದ್ದರು, ಸರ್ಕಾರವೇ ಒಪ್ಪಿತ್ತು. ಸುಮ್ನೆ ಹೆದರಿಸಬೇಡಿ.

ಬೀಜಾಣು
ಜಪಾನ್ ವಿಷಯ ನಿಜ. ಆದರೆ ಅರ್ಧ ಮಾತ್ರ ಹೇಳಿದ್ದೀರಿ. ಶಿಟಾಕೆ ಅಣಬೆಯಿಂದ ಲೆಂಟಿನಾನ್ ಅನ್ನುವ ಬೀಟಾ ಗ್ಲೂಕನ್ (ಸಕ್ಕರೆ ಅಣುಗಳ ಉದ್ದ ಸರಪಳಿ) ಅನ್ನು 1969ರಲ್ಲಿ ಅಲ್ಲಿನವರು ಬೇರ್ಪಡಿಸಿದರು. 1980ರ ದಶಕದಲ್ಲಿ ಜಠರದ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿತು. ಅದನ್ನು ಶುದ್ಧ ಮಾಡಿ, ಅಳತೆ ಮಾಡಿ, ಇಂಜೆಕ್ಷನ್ ಆಗಿ ಕೊಡುತ್ತಿದ್ದರು. ಕೀಮೊಥೆರಪಿ ಜೊತೆಗೆ, ಕೀಮೊ ಬಿಟ್ಟು ಅಲ್ಲ. ಇನ್ನೊಂದು ಕ್ರೆಸ್ಟಿನ್. ಅದು ಟ್ರಮೀಟಿಸ್ ವರ್ಸಿಕಲರ್ ಅನ್ನುವ ಅಣಬೆಯದ್ದು, 1977ರಲ್ಲಿ ಒಪ್ಪಿಗೆ ಪಡೆಯಿತು. ಅದೂ ಚಿಕಿತ್ಸೆಯ ಜೊತೆಗೇ. ಅಡುಗೆ ಮನೆಯಲ್ಲಿ ಪುಡಿ ಮಾಡಿ ಬಿಸಿನೀರಿಗೆ ಕದಡಿದ್ದಕ್ಕೆ ಯಾರೂ ಒಪ್ಪಿಗೆ ಕೊಟ್ಟಿಲ್ಲ.

ತುಂಗಾತೀರ ಅವರೇ, ನಾನು ಅಣಬೆಗಳ ಮೇಲೇ ಓದುತ್ತಿರುವವನು. ನಿಮ್ಮ ಪ್ರಶ್ನೆಗೆ ಸಂಜೆ ವಿವರವಾಗಿ ಬರೆಯುತ್ತೇನೆ.

ಅಡಿಕೆಮನೆ
ಅಲ್ಲ, ಎಲ್ಲರೂ ರಕ್ತ ಪ್ಲೇಟ್‌ಲೆಟ್ ಅಂತಿದ್ದೀರಿ. ಅಡಿಕೆ ಮರದ ಬುಡದಲ್ಲಿ ಆ ಅಣಬೆ ಬಂದಿದೆ ಅಂದರೆ ಆ ಮರಕ್ಕೆ ಅಣಬೆ ರೋಗ ಬಂದಿದೆ ಅಂತ ಅರ್ಥ! ಬೇರು ಆಗಲೇ ಕೊಳೆತಿರುತ್ತದೆ. ಕೆಳಗಿನ ಸೋಗೆ ಹಳದಿಯಾಗಿ ಜೋತು ಬಿದ್ದಿರುತ್ತದೆ, ಕಾಂಡದಲ್ಲಿ ಕಂದು ನೀರು ಸೋರಿರುತ್ತದೆ, ಅಣಬೆ ಕಾಣುವುದು ಕಡೆಗೆ. ಅಕ್ಕ, ನಿಮ್ಮ ಮಾವನವರ ತೋಟದಲ್ಲಿ ಎಷ್ಟು ಮರಕ್ಕೆ ಬಂದಿದೆ ಕೇಳಿ.

ಇನ್ನೊಂದು ಕೇಳಿ. ಆ ಮರದ ಬುಡಕ್ಕೆ ಏನಾದರೂ ಔಷಧಿ ಹೊಡೆದಿದ್ದಾರಾ? ನಮ್ಮ ಕಡೆ ಅಣಬೆ ರೋಗ ಕಂಡರೆ ಹೆಕ್ಸಕೊನಜೋಲ್ ಅನ್ನುವ ಶಿಲೀಂಧ್ರನಾಶಕ ಬುಡಕ್ಕೆ ಸುರಿಯುತ್ತಾರೆ, ಇಲ್ಲ ಬೇರಿಗೆ ಕೊಡುತ್ತಾರೆ. ಅದಲ್ಲದೆ ಪ್ರತಿ ಮಳೆಗಾಲ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದೇ ಹೊಡೆಯುತ್ತೇವೆ. ಆ ಮೈಲುತುತ್ತವೆಲ್ಲ ಮರದ ಮೇಲಿಂದ ಇಳಿದು ಸೇರುವುದು ಬುಡಕ್ಕೇ.

ಬೀಜಾಣು
ಅಡಿಕೆಮನೆ ಅವರು ಹೇಳಿದ್ದು ನಾನು ಓದಿದ ಅಷ್ಟೂ ಲೇಖನಕ್ಕಿಂತ ಮುಖ್ಯವಾದ ಮಾತು. ಅಣಬೆಗಳು ನೆಲದಲ್ಲಿರುವ ಲೋಹವನ್ನು ಎಳೆದು ತಮ್ಮಲ್ಲಿ ಕೂಡಿಡುತ್ತವೆ. ಕ್ಯಾಡ್ಮಿಯಂ, ಪಾದರಸ, ತಾಮ್ರ, ಎಲ್ಲ. ಚೆರ್ನೋಬಿಲ್ ಆದ ಮೇಲೆ ಯುರೋಪಿನ ಕಾಡಣಬೆಗಳಲ್ಲಿ ವಿಕಿರಣದ ಸೀಸಿಯಂ ಎಷ್ಟೋ ವರ್ಷ ಸಿಗುತ್ತಿತ್ತು. ಹೆದ್ದಾರಿ ಪಕ್ಕದ್ದು, ಔಷಧಿ ಹೊಡೆದ ತೋಟದ್ದು, ಕಾರ್ಖಾನೆ ಹತ್ತಿರದ್ದು ಯಾವ ಜಾತಿಯ ಅಣಬೆಯಾದರೂ ತಿನ್ನಬಾರದು.

ಕಡಲ_ಕರೆ
ನಮ್ಮ ಬಂಟ್ವಾಳ ಕಡೆ ಕಲ್ಲಣಬೆಗೆ ಇನ್ನು ಸ್ವಲ್ಪ ದಿನದಲ್ಲಿ ಕಾಲ ಬರುತ್ತದೆ ಮಾರಾಯ್ರೆ. ಕೋಳಿಗಿಂತ ದುಬಾರಿ. ಅದರಲ್ಲಿ ಏನು ಸತ್ವ ಇದೆ ಅಂತ ಯಾರಾದರೂ ಹೇಳಿ, ತಿನ್ನುವುದಂತೂ ಬಿಡುವುದಿಲ್ಲ.

ಮಲೆನಾಡಿಗ_77
ನೋಡಿ, ಅಣಬೆ ಒಳ್ಳೆಯದು ಅನ್ನುವುದಕ್ಕೂ ಪುರಾವೆ ಇದೆ ಅಂತ ನೀವೇ ಒಪ್ಪಿಕೊಂಡಿರಿ. ಹಾಗಾದರೆ ಎಲ್ಲವನ್ನೂ ವಿಷ ಅನ್ನುವ ಹಾಗೆ ಯಾಕೆ ಮಾತಾಡೋದು?

ಬೀಜಾಣು
ವಿಷ ಅನ್ನಲಿಲ್ಲ ಸರ್. ಈಗ ಸಮಯ ಇದೆ, ಬರೆಯುತ್ತೇನೆ.

ಅಣಬೆಯ ಕಣಗಳ (ಜೀವಕೋಶಗಳ) ಗೋಡೆ ಕೈಟಿನ್ ಮತ್ತು ಬೀಟಾ ಗ್ಲೂಕನ್‌ನಿಂದ ಆಗಿರುತ್ತದೆ. ಗಿಡಗಳ ಗೋಡೆ ಹಾಗಲ್ಲ. ಕೈಟಿನ್ ಅಂದರೆ ಸಿಗಡಿಯ ಚಿಪ್ಪಿನಲ್ಲಿ ಇರುವಂಥದ್ದು, ನಮಗೆ ಸುಲಭವಾಗಿ ಜೀರ್ಣ ಆಗುವುದಿಲ್ಲ. ಅದಕ್ಕೇ ಹಸಿ ಅಣಬೆ ತಿಂದರೆ ಹೊಟ್ಟೆ ಉಬ್ಬರ. ಬೀಟಾ ಗ್ಲೂಕನ್ ಅನ್ನು ನಮ್ಮ ರೋಗನಿರೋಧಕ ಕಣಗಳು ಗುರುತು ಹಿಡಿಯುತ್ತವೆ, ಯಾಕೆಂದರೆ ನಮಗೆ ರೋಗ ತರುವ ಶಿಲೀಂಧ್ರಗಳ ಮೈಮೇಲೂ ಅದೇ ಇರುತ್ತದೆ. "ಇಮ್ಯೂನಿಟಿ ಹೆಚ್ಚಿಸುತ್ತದೆ" ಅನ್ನುವ ಜಾಹೀರಾತಿನ ಹಿಂದೆ ಇರುವುದು ಇಷ್ಟು. ಗುರುತು ಹಿಡಿಯುವುದು ಬೇರೆ, ಅದರಿಂದ ಕಾಯಿಲೆ ವಾಸಿಯಾಗುವುದು ಬೇರೆ.

ನನಗೆ ನಿಜವಾಗಿ ಕುತೂಹಲ ಹುಟ್ಟಿಸಿದ್ದು ಎರ್ಗೊಥಯೋನಿನ್. 1909ರಲ್ಲಿ ಶಾರ್ಲ್ ತಾನ್ರೆ ಅನ್ನುವ ಫ್ರೆಂಚ್ ವಿಜ್ಞಾನಿ ಧಾನ್ಯಕ್ಕೆ ಬರುವ ಎರ್ಗಟ್ ಶಿಲೀಂಧ್ರದಲ್ಲಿ ಕಂಡುಹಿಡಿದಿದ್ದು. ಇದನ್ನು ನಮ್ಮ ಮೈ ತಯಾರಿಸುವುದಿಲ್ಲ, ಗಿಡಗಳೂ ತಯಾರಿಸುವುದಿಲ್ಲ, ಶಿಲೀಂಧ್ರಗಳು ಮತ್ತು ಕೆಲವು ಬ್ಯಾಕ್ಟೀರಿಯಾ ಮಾತ್ರ. ಹಾಗಿದ್ದೂ ಇದನ್ನು ಕಣದೊಳಗೆ ಸಾಗಿಸಲು ನಮ್ಮ ಮೈಯಲ್ಲಿ ಒಂದು ವಿಶೇಷ ಪ್ರೋಟೀನ್ ಇದೆ ಅಂತ 2005ರಲ್ಲಿ ಗೊತ್ತಾಯಿತು. ಮೈ ಸುಮ್ನೆ ಇಂಥ ವ್ಯವಸ್ಥೆ ಇಟ್ಟುಕೊಂಡಿರಲಾರದು ಅಂತ ಅನೇಕರ ಊಹೆ. ಸಿಂಗಪುರದಲ್ಲಿ 60 ದಾಟಿದ 663 ಜನರನ್ನು ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಎರಡು ಪಾಲಿಗಿಂತ ಹೆಚ್ಚು ಅಣಬೆ ತಿನ್ನುವವರಲ್ಲಿ ಮರೆವಿನ ಆರಂಭದ ತೊಂದರೆ ಕಡಿಮೆ ಇತ್ತು. ಅಣಬೆಯಿಂದಲೇ ಹಾಗಾಯಿತು ಅಂತ ಇದರಿಂದ ಸಾಬೀತಾಗುವುದಿಲ್ಲ. ಅಣಬೆ ತಿನ್ನುವವರು ತರಕಾರಿಯೂ ಜಾಸ್ತಿ ತಿನ್ನುತ್ತಿರಬಹುದು. ಆದರೂ ಒಳ್ಳೆಯ ಸುಳಿವು. ಅಲ್ಲಿ ಲೆಕ್ಕಕ್ಕೆ ಹಿಡಿದ ಅಣಬೆಗಳೂ ಅಪರೂಪದವಲ್ಲ. ಶಿಟಾಕೆ, ಚಿಪ್ಪಣಬೆ, ಬಟನ್, ಎಲ್ಲ ಅಂಗಡಿಯಲ್ಲಿ ಸಿಗುವವೇ.

ಸಂಪಿಗೆ_ಬನ
ವಿಟಮಿನ್ ಡಿ ಬಗ್ಗೆ ಹೇಳಲೇ ಇಲ್ಲ? ನಮ್ಮ ಡಾಕ್ಟರ್ ಅಣಬೆ ತಿನ್ನಿ ಅಂದಿದ್ದರು.

ಬೀಜಾಣು
ಹೌದು, ಅದೂ ಇದೆ. ಅಣಬೆಯಲ್ಲಿ ಎರ್ಗೊಸ್ಟೆರಾಲ್ ಇರುತ್ತದೆ, ಬಿಸಿಲು ಬಿದ್ದರೆ ಅದು ವಿಟಮಿನ್ ಡಿ2 ಆಗುತ್ತದೆ. ಕತ್ತಲ ಕೋಣೆಯಲ್ಲಿ ಬೆಳೆದ ಪ್ಯಾಕೆಟ್ ಅಣಬೆಯಲ್ಲಿ ಡಿ ಬಹಳ ಕಡಿಮೆ. ಮನೆಗೆ ತಂದು ಹೆಚ್ಚಿ, ಕೊಡೆಯ ಅಡಿಭಾಗ ಮೇಲೆ ಮಾಡಿ ಮಧ್ಯಾಹ್ನದ ಬಿಸಿಲಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಇಟ್ಟರೆ 100 ಗ್ರಾಂ ಅಣಬೆಯಲ್ಲಿ 10 ಮೈಕ್ರೊಗ್ರಾಂ, ಅಂದರೆ 400 ಯೂನಿಟ್ ಆಸುಪಾಸು ಬರಬಹುದು. ಖರ್ಚಿಲ್ಲದ ಕೆಲಸ, ಮಾಡಿ ನೋಡಿ. ಡಿ ತುಂಬ ಕಡಿಮೆ ಇರುವವರಿಗೆ ಇಷ್ಟರಿಂದ ಸಾಲುವುದಿಲ್ಲ, ಅವರು ಡಾಕ್ಟರ್ ಬರೆದುಕೊಟ್ಟಿದ್ದು ತೆಗೆದುಕೊಳ್ಳಲೇಬೇಕು.

ಗುಳಿಗೆ_ಅಂಗಡಿ
ಮಲೆನಾಡಿಗ ಅವರೇ, ಔಷಧಿ ಅಂಗಡಿಯವರಿಗೆ ಪ್ರಕೃತಿ ಕಂಡರೆ ಆಗುವುದಿಲ್ಲ ಅನ್ನುವ ನಿಮ್ಮ ಮಾತಿಗೆ ಉತ್ತರ ಕೊಡುತ್ತೇನೆ. ತುಂಗಾತೀರ ಅವರ ತಂದೆ ನುಂಗುತ್ತಿರುವ ಕೊಲೆಸ್ಟ್ರಾಲ್ ಗುಳಿಗೆ ಸ್ಟಾಟಿನ್ ಜಾತಿಯದ್ದು. ಆ ಜಾತಿ ಹುಟ್ಟಿದ್ದೇ ಶಿಲೀಂಧ್ರದಿಂದ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಸಾವಿರಾರು ಶಿಲೀಂಧ್ರಗಳನ್ನು ಪರೀಕ್ಷಿಸಿ, ಪೆನಿಸಿಲಿಯಂ ಜಾತಿಯ ಒಂದು ಬೂಷ್ಟಿನಲ್ಲಿ ಮೊದಲ ಸ್ಟಾಟಿನ್ ಕಂಡುಹಿಡಿದರು. ಅವರು ಹಳ್ಳಿಯಲ್ಲಿ ಅಣಬೆ ನೋಡುತ್ತಾ ಬೆಳೆದವರು. ಮಾರುಕಟ್ಟೆಗೆ ಮೊದಲು ಬಂದ ಲೊವಾಸ್ಟಾಟಿನ್‌ಗೆ 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ಬೂಷ್ಟಿನದೇ. ಚಿಪ್ಪಣಬೆಯಲ್ಲೂ ಲೊವಾಸ್ಟಾಟಿನ್ ಸ್ವಲ್ಪ ಇದೆ. ಆದರೆ ಒಂದು ಬುಟ್ಟಿಯಲ್ಲಿ ಇದ್ದಷ್ಟು ಇನ್ನೊಂದರಲ್ಲಿ ಇರುವುದಿಲ್ಲ. ಗುಳಿಗೆ ಅಂದರೆ ಪ್ರಕೃತಿಯಲ್ಲಿ ಸಿಕ್ಕಿದ್ದನ್ನು ಅಳೆದು, ಎಷ್ಟು ಕೊಟ್ಟರೆ ಏನಾಗುತ್ತದೆ ಅಂತ ಸಾವಿರಾರು ಜನರಲ್ಲಿ ನೋಡಿ ಕೊಡುವುದು.

ಮಲೆನಾಡಿಗ_77
ಇದು ಗೊತ್ತಿರಲಿಲ್ಲ. ಆದರೂ ಗ್ಯಾನೊಡರ್ಮಾ ಬಗ್ಗೆ ಅಷ್ಟು ಜನ ಹೇಳುವುದೆಲ್ಲ ಸುಳ್ಳಾ?

ಬೀಜಾಣು
ಅದರಲ್ಲಿ ಗ್ಯಾನೊಡೆರಿಕ್ ಆಮ್ಲಗಳು ಅಂತ ಟ್ರೈಟರ್ಪೀನ್ ಗುಂಪಿನ ಸಂಯುಕ್ತಗಳಿವೆ. ಬಾಯಿಗಿಟ್ಟರೆ ಕಹಿ ಆಗುವುದು ಅವುಗಳಿಂದಲೇ. ಪ್ರಯೋಗಾಲಯದಲ್ಲಿ ಕಣಗಳ ಮೇಲೆ ಹಾಕಿದರೆ ಬೇಕಾದಷ್ಟು ಪರಿಣಾಮ ಕಾಣುತ್ತದೆ. ಮನುಷ್ಯರ ಮೇಲೆ? ಶುಗರ್ ಇರುವವರಲ್ಲಿ ಹೃದಯದ ಅಪಾಯ ಕಡಿಮೆ ಮಾಡುತ್ತದಾ ಅಂತ 2015ರ ಕಾಕ್ರೇನ್ ವಿಮರ್ಶೆ (ಅನೇಕ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವಂಥದ್ದು) ನೋಡಿತು. ಬಳಸಿ ಅನ್ನಲು ಆಧಾರ ಸಿಗಲಿಲ್ಲ. ಇದು ಸರಿಯಾಗಿ ತುಂಗಾತೀರ ಅವರ ತಂದೆಯ ಸ್ಥಿತಿಗೇ ಹೊಂದುವ ಪ್ರಶ್ನೆ, ಗಮನಿಸಿ. ಅದರ ಮೇಲೆ ಗ್ಯಾನೊಡರ್ಮಾ ಪುಡಿ ತಿಂದವರಿಗೆ ಲಿವರ್ ಕೆಟ್ಟ ಉದಾಹರಣೆಗಳನ್ನು ಹಾಂಗ್‌ಕಾಂಗ್ ಮತ್ತು ಥಾಯ್ಲೆಂಡ್ ವೈದ್ಯರು ವರದಿ ಮಾಡಿದ್ದಾರೆ. ಅಪರೂಪ, ಆದರೆ ಇದೆ.

ಇನ್ನೊಂದು ತೊಡಕು. ಗ್ಯಾನೊಡರ್ಮಾ ಅಂದರೆ ಒಂದೇ ಅಣಬೆ ಅಲ್ಲ, ಹತ್ತಾರು ಜಾತಿ ಇವೆ. ಚೀನಾದಲ್ಲಿ ಬೆಳೆಸುವುದೂ ನಮ್ಮ ಅಡಿಕೆ, ತೆಂಗಿನ ಬುಡದಲ್ಲಿ ಬರುವುದೂ ಒಂದೇ ಅಂತ ಕಣ್ಣಿನಿಂದ ನೋಡಿ ಹೇಳಲು ಬರುವುದಿಲ್ಲ.

ಜಿಮ್_ಹುಡುಗ
ಕಾರ್ಡಿಸೆಪ್ಸ್ ಬಗ್ಗೆ ಏನು? ನಮ್ಮ ಟ್ರೈನರ್ ಹಿಮಾಲಯದ್ದು ಅಂತ ಕ್ಯಾಪ್ಸೂಲ್ ಕೊಡುತ್ತಾರೆ, ತಿಂಗಳಿಗೆ ಎರಡು ಸಾವಿರ.

ಬೀಜಾಣು
ಹಿಮಾಲಯದ ನಿಜವಾದ ಕೀಡಾ ಜಡಿ, ಉತ್ತರಾಖಂಡದ ಧಾರ್ಚುಲಾ ಕಡೆ ಹುಲ್ಲುಗಾವಲಲ್ಲಿ ಕಂಬಳಿಹುಳುವಿನ ತಲೆಯಿಂದ ಏಳುವಂಥದ್ದು, ಆ ಬೆಲೆಗೆ ಸಿಗಲು ಸಾಧ್ಯವೇ ಇಲ್ಲ. ಕೆಜಿಗೆ ಲಕ್ಷಗಟ್ಟಲೆ. ವಿಪರೀತ ಕೀಳುತ್ತಿರುವುದರಿಂದ 2020ರಲ್ಲಿ ಅದನ್ನು ಅಪಾಯದ ಅಂಚಿನ ಕೆಂಪು ಪಟ್ಟಿಗೂ ಸೇರಿಸಿದ್ದಾರೆ. ನಿಮಗೆ ಕೊಡುತ್ತಿರುವುದು ಬಾಟಲಿಯಲ್ಲಿ ಬೆಳೆದ ಕಾರ್ಡಿಸೆಪ್ಸ್ ಮಿಲಿಟಾರಿಸ್ ಇರಬಹುದು. ತಮಾಷೆ ಅಲ್ಲ, ಕಾರ್ಡಿಸೆಪಿನ್ ಅನ್ನುವ ಸಂಯುಕ್ತ ಇದರಲ್ಲೇ ಜಾಸ್ತಿ. ಹಿಮಾಲಯದ್ದರಲ್ಲಿ ಬಹಳ ಕಡಿಮೆ. ಹಾಗಾಗಿ "ಹಿಮಾಲಯದ್ದು" ಅನ್ನುವ ಹೆಸರಿಗೆ ದುಡ್ಡು ಕೊಡಬೇಡಿ. ಕ್ಯಾಪ್ಸೂಲ್‌ನಲ್ಲಿ ಏನು ಎಷ್ಟಿದೆ ಅಂತ ಪರೀಕ್ಷೆಯ ವರದಿ ಕೇಳಿ. ಇಲ್ಲ ಅಂದರೆ ಅದೇ ಎರಡು ಸಾವಿರಕ್ಕೆ ಮೊಟ್ಟೆ, ಕಡಲೆಕಾಳು ತಿನ್ನಿ.

ಹಳೇಬೇರು
ಮಕ್ಕಳೇ, ಇಷ್ಟೆಲ್ಲ ಹೆಸರು ನನಗೆ ತಿಳಿಯುವುದಿಲ್ಲ. ಅಣಬೆ ಕಿತ್ತು ವಯಸ್ಸಾದವನು ನಾನು. ಹೆಗ್ಗಾಲ ಅಣಬೆ ಹುತ್ತದ ಮೇಲೆ, ಗುಡುಗು ಮಳೆ ಆದ ಮೇಲೆ ಏಳುತ್ತದೆ. ಎದ್ದ ಜಾಗದಲ್ಲೇ ಮರುವರ್ಷವೂ ಏಳುತ್ತದೆ. ಅದಕ್ಕೇ ಹುತ್ತ ಒಡೆಯಬಾರದು, ಬೇರು ಸಮೇತ ಎಲ್ಲವನ್ನೂ ಕೀಳಬಾರದು ಅನ್ನುತ್ತಿದ್ದರು ಹಿರಿಯರು. ಬೆಳ್ಳಿ ಕಾಸು ಹಾಕಿ ಕುದಿಸಿದರೆ ಕಪ್ಪಾಗದಿದ್ದರೆ ತಿನ್ನಬಹುದು ಅಂತಲೂ ಹೇಳುತ್ತಿದ್ದರು.

ಬೀಜಾಣು
ಅಜ್ಜಾ, ನಿಮ್ಮ ಮೊದಲ ಮಾತು ಪೂರ್ತಿ ಸರಿ. ಆ ಅಣಬೆಯನ್ನು ಬೆಳೆಸುವುದೇ ಗೆದ್ದಲು. ಹುತ್ತದೊಳಗೆ ಎಲೆ ಕಟ್ಟಿಗೆ ಅಗಿದು ತೋಟ ಮಾಡಿ ಅದರ ಮೇಲೆ ಬೆಳೆಸುತ್ತದೆ. ನಮ್ಮ ಚಿಪ್ಪಣಬೆಯ ಹಾಗೆ ಹುಲ್ಲಿನ ಮೇಲೆ ಅದನ್ನು ಬೆಳೆಸಲು ಇನ್ನೂ ಆಗಿಲ್ಲ, ಹುತ್ತ ಹೋದರೆ ಅಣಬೆಯೂ ಹೋಯಿತು. ಅದೇ ಟರ್ಮಿಟೊಮೈಸಿಸ್ ಕುಲದ ಒಂದು ಚೀನಾದ ಜಾತಿಯಿಂದ ಟರ್ಮಿಟೊಮೈಸೆಸ್ಫಿನ್ ಅನ್ನುವ ಸಂಯುಕ್ತಗಳನ್ನು ಬೇರ್ಪಡಿಸಿದ್ದಾರೆ. ಇಲಿಯ ನರದಂಥ ಕಣಗಳ ಮೇಲೆ ಹಾಕಿದರೆ ಕವಲು ಬೆಳೆಯುವುದಕ್ಕೆ ಉತ್ತೇಜನ ಸಿಕ್ಕಿತು.

ಆದರೆ ಬೆಳ್ಳಿ ಕಾಸಿನ ಮಾತು ದಯವಿಟ್ಟು ಯಾರೂ ನಂಬಬೇಡಿ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ, ಅಣಬೆಯ ವಿಷಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅರಿಸಿನ, ಬೆಳ್ಳುಳ್ಳಿ, ಅಕ್ಕಿ ಹಾಕಿ ನೋಡುವುದು, ಹುಳು ತಿಂದಿದ್ದರೆ ನಾವೂ ತಿನ್ನಬಹುದು ಅನ್ನುವುದು, ಎಲ್ಲ ಅಷ್ಟೇ. ಅಮಾನಿಟಾ ಕುಲದ ಸಾಯಿಸುವ ಅಣಬೆಗಳನ್ನು ಬಸವನಹುಳು ಆರಾಮಾಗಿ ತಿನ್ನುತ್ತದೆ.

ಹಳೇಬೇರು
ಬೆಳ್ಳಿ ಕಾಸನ್ನು ನಂಬಿ ನಾನಂತೂ ಕಿತ್ತವನಲ್ಲ ಮಗಾ. ಗುರುತಿದ್ದ ಹುತ್ತದ್ದು ಮಾತ್ರ.

ಮೆಲ್ಬರ್ನ್_ಮಳೆ
ಇಲ್ಲಿ ಮೆಲ್ಬರ್ನ್‌ನಲ್ಲಿ ಓಕ್ ಮರದ ಕೆಳಗೆ ಪ್ರತಿ ವರ್ಷ ಏಪ್ರಿಲ್ ಆಸುಪಾಸು ಡೆತ್ ಕ್ಯಾಪ್ ಅನ್ನುವ ಸಾಯಿಸುವ ಅಮಾನಿಟಾ ಅಣಬೆ ಏಳುತ್ತದೆ, ಆರೋಗ್ಯ ಇಲಾಖೆಯವರು ಪ್ರತಿ ಸಲ ಎಚ್ಚರಿಕೆ ಕೊಡುತ್ತಾರೆ. ಬೇರೆ ದೇಶದಿಂದ ಬಂದವರೇ ಹೆಚ್ಚಾಗಿ ಮೋಸ ಹೋಗುತ್ತಾರೆ, ಊರಲ್ಲಿ ತಿನ್ನುತ್ತಿದ್ದ ಅಣಬೆಯ ಹಾಗೇ ಕಾಣುತ್ತದೆ ಅಂತ. ನಮ್ಮವರು ಇಲ್ಲಿಗೆ ಬಂದಾಗ ಊರಿನ ಗುರುತನ್ನು ಇಲ್ಲಿ ಬಳಸಬೇಡಿ.

ಗುಳಿಗೆ_ಅಂಗಡಿ
ಅದರ ವಿಷದ ಲಕ್ಷಣ ಎಲ್ಲರಿಗೂ ತಿಳಿದಿರಬೇಕು, ಅದಕ್ಕೆ ಬರೆಯುತ್ತೇನೆ. ಅದರ ಹೆಸರು ಅಮಾಟಾಕ್ಸಿನ್. ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ತಿಂದ ತಕ್ಷಣ ಏನೂ ಆಗುವುದಿಲ್ಲ. 6 ರಿಂದ 12 ಗಂಟೆ, ಕೆಲವೊಮ್ಮೆ ಇನ್ನೂ ತಡವಾಗಿ ವಾಂತಿ ಭೇದಿ ಶುರುವಾಗುತ್ತದೆ. ಒಂದು ದಿನದ ಮೇಲೆ ನಿಂತು ಹುಷಾರಾದ ಹಾಗೆ ಕಾಣುತ್ತದೆ. ಜನ ಮನೆಗೆ ಹೋಗುತ್ತಾರೆ. ಒಳಗೆ ಅದು ಲಿವರ್ ಕಣಗಳು ಪ್ರೋಟೀನ್ ತಯಾರಿಸುವ ಕೆಲಸವನ್ನೇ ನಿಲ್ಲಿಸಿರುತ್ತದೆ. ಮೂರನೇ ನಾಲ್ಕನೇ ದಿನಕ್ಕೆ ಲಿವರ್ ಸೋಲುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಂನಲ್ಲಿ ಕಾಡಣಬೆ ತಿಂದು 13 ಜನ ಹೋದರು, ಹೆಚ್ಚಿನವರು ಚಹಾ ತೋಟದವರು. ಅಣಬೆ ತಿಂದು ಆರು ಗಂಟೆಯ ಮೇಲೆ ವಾಂತಿ ಬಂದರೆ ಕಷಾಯ ಕುಡಿಸುತ್ತಾ ಕೂರಬೇಡಿ. ಉಳಿದ ಅಣಬೆಯನ್ನೋ ಸಾರನ್ನೋ ಡಬ್ಬಿಯಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ.

ಕೊಡಗು_ಕಾಫಿ
ನಮ್ಮಲ್ಲಿ ಕಕ್ಕಡ ತಿಂಗಳಲ್ಲಿ ಕುಮ್ಮು (ಅಣಬೆ) ಕರಿ ಇಲ್ಲದೆ ಆಗುವುದಿಲ್ಲ, ಆದರೆ ಗುರುತಿಲ್ಲದವರು ಕಿತ್ತಿದ್ದನ್ನು ಮನೆಯೊಳಗೆ ತರುವುದಿಲ್ಲ. ಒಂದು ಪ್ರಶ್ನೆ. ನಮ್ಮ ಕಡೆ ಒಬ್ಬರಿಗೆ ಅಣಬೆ ತಿಂದು ಅದರ ಮೇಲೆ ಬ್ರಾಂದಿ ಕುಡಿದಾಗ ಮುಖವೆಲ್ಲ ಕೆಂಪಾಗಿ ಎದೆ ಹೊಡೆದುಕೊಂಡು ದೊಡ್ಡ ಗಲಾಟೆ ಆಯಿತು. ಅದೇ ಅಣಬೆ ತಿಂದ ಹೆಂಗಸರಿಗೆ, ಮಕ್ಕಳಿಗೆ ಏನೂ ಆಗಲಿಲ್ಲ. ಅದು ಹೇಗೆ?

ಬೀಜಾಣು
ಅದು ಬಲಿತ ಮೇಲೆ ಕರಗಿ ಕಪ್ಪು ಮಸಿಯಾಗುವ ಅಣಬೆ ಇರಬಹುದು. ಅಂಥ ಒಂದು ಜಾತಿಯಲ್ಲಿ ಕೊಪ್ರಿನ್ ಅನ್ನುವ ಸಂಯುಕ್ತ ಇದೆ. ಮದ್ಯ ಮೈಯಲ್ಲಿ ಪೂರ್ತಿ ಕರಗದಂತೆ ಅದು ನಡುವೆ ತಡೆಯುತ್ತದೆ, ಅಸಿಟಾಲ್ಡಿಹೈಡ್ ಕೂಡಿಕೊಂಡು ಮುಖ ಕೆಂಪಾಗುತ್ತದೆ, ಎದೆ ಬಡಿದುಕೊಳ್ಳುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಗುಳಿಗೆ ಮಾಡುವುದೂ ಇದನ್ನೇ. ತಿಂದು ಎರಡು ಮೂರು ದಿನದ ಮೇಲೆ ಕುಡಿದರೂ ಹೀಗಾಗಬಹುದು.

ಸಂಪಿಗೆ_ಬನ
ಇದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಅಪ್ಪನ ಹೃದಯದ ಡಾಕ್ಟರ್‌ಗೆ ಫೋನ್ ಮಾಡಿ ಕೇಳಿದೆ, ಪುಡಿ ಮುಟ್ಟಲೇಬೇಡಿ, ಗುಳಿಗೆ ಒಂದು ದಿನವೂ ತಪ್ಪಿಸಬೇಡಿ ಅಂದರು. ಮಾವನಿಗೆ ಅದನ್ನು ಹೇಳಿದಾಗ ಮುಖ ಸಣ್ಣ ಮಾಡಿಕೊಂಡರು. ಅಕ್ಕರೆಯಿಂದ ತಂದಿದ್ದು, ಪಾಪ. ಆಮೇಲೆ ಅಡಿಕೆಮನೆ ಅವರು ಹೇಳಿದ್ದನ್ನು ಕೇಳಿದೆ, ಆ ಮರಕ್ಕೆ ಏನಾದರೂ ಸುರಿದಿದ್ದಿರಾ ಅಂತ. ಹೆಕ್ಸಕೊನಜೋಲ್ ಸುರಿಸಿದ್ದಾರೆ, ಅದೂ ಅದೇ ಸಾಲಿಗೆ! ತಕ್ಷಣ ತಾವೇ ಡಬ್ಬಿ ವಾಪಸ್ ತೆಗೆದುಕೊಂಡು ಹೋದರು. ಈಗ ಅವರಿಗೆ ಪಕ್ಕದ ಮರಗಳ ಚಿಂತೆ ಹತ್ತಿದೆ. ಏನು ಮಾಡಬೇಕು ಅಂತ ಕೇಳು ಅಂದರು.

ಅಡಿಕೆಮನೆ
ಒಳ್ಳೆಯದಾಯಿತು ಅಕ್ಕ. ಅಣಬೆ ಎದ್ದ ಮರ ಉಳಿಯುವುದು ಕಷ್ಟ. ಅದನ್ನು ಬೇರು ಸಮೇತ ತೆಗೆಸಿ ಸುಡಿಸಿ. ರೋಗ ಬೇರಿನಿಂದ ಬೇರಿಗೆ ಹರಡುತ್ತದೆ, ಹಾಗಾಗಿ ಈಗಷ್ಟೇ ಲಕ್ಷಣ ಕಂಡ ಮರದ ಸುತ್ತ ಎರಡು ಅಡಿ ಆಳ, ಒಂದು ಅಡಿ ಅಗಲದ ಚರಂಡಿ ತೆಗೆಸಿ ಬೇರೆ ಮರದ ಬೇರಿಗೆ ತಾಗದಂತೆ ಮಾಡಬೇಕು. ರೋಗದ ಮರದ ಬುಡದಿಂದ ಹರಿದ ನೀರು ಬೇರೆ ಮರಕ್ಕೆ ಹೋಗಬಾರದು. ಉಳಿದ ಮರಗಳಿಗೆ ಒಂದೊಂದಕ್ಕೂ ವರ್ಷಕ್ಕೆ ಎರಡು ಕೆಜಿ ಬೇವಿನ ಹಿಂಡಿ, ಜೊತೆಗೆ ಟ್ರೈಕೊಡರ್ಮಾ. ನೀರು ನಿಲ್ಲುವ ಜಾಗದಲ್ಲೇ ಇದು ಜಾಸ್ತಿ, ಬಸಿಗಾಲುವೆ ಸರಿ ಮಾಡಿಸಿ. ಅನುಮಾನ ಇದ್ದರೆ ವಿಟ್ಲದ ಸಿಪಿಸಿಆರ್‌ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದಲ್ಲಿ ಕೇಳಬಹುದು.

ಮಲೆನಾಡಿಗ_77
ಟ್ರೈಕೊಡರ್ಮಾ ಕೂಡ ಶಿಲೀಂಧ್ರವೇ ಅಲ್ವಾ? ಶಿಲೀಂಧ್ರಕ್ಕೆ ಶಿಲೀಂಧ್ರದಿಂದಲೇ ಔಷಧಿ.

ಬೀಜಾಣು
ಹೌದು ಸರ್. ಇನ್ನೂ ಒಂದು ಹೇಳುತ್ತೇನೆ, ನಿಮಗೆ ಇಷ್ಟ ಆಗುತ್ತದೆ. ಭತ್ತ, ದ್ರಾಕ್ಷಿ, ಮೆಣಸಿನಕಾಯಿಗೆ ಹೊಡೆಯುವ ಅಜಾಕ್ಸಿಸ್ಟ್ರೋಬಿನ್ ಅನ್ನುವ ಶಿಲೀಂಧ್ರನಾಶಕ ಇದೆಯಲ್ಲ, ಅದರ ಮೂಲ ಯುರೋಪಿನಲ್ಲಿ ಪೈನ್ ಮರದ ಕಾಯಿಯ ಮೇಲೆ ಏಳುವ ಒಂದು ಪುಟ್ಟ ಕಾಡಣಬೆ. ಬೇರೆ ಶಿಲೀಂಧ್ರಗಳು ತನ್ನ ಊಟಕ್ಕೆ ಬಾರದಂತೆ ಅದು ಸ್ಟ್ರೋಬಿಲುರಿನ್ ಅನ್ನುವ ಸಂಯುಕ್ತ ತಯಾರಿಸುತ್ತದೆ. 1977ರಲ್ಲಿ ಜರ್ಮನಿಯವರು ಅದನ್ನು ವರದಿ ಮಾಡಿದರು. ಅದು ಬಿಸಿಲಿಗೆ ಬೇಗ ಒಡೆದು ಹೋಗುತ್ತಿತ್ತು, ಹಾಗಾಗಿ ರಚನೆ ಬದಲಿಸಿ 1990ರ ದಶಕದಲ್ಲಿ ಮಾರುಕಟ್ಟೆಗೆ ತಂದರು. ಕೋಳಿ, ಹಂದಿಗಳಿಗೆ ಕೊಡುವ ಟಿಯಾಮುಲಿನ್ ಅನ್ನುವ ಆ್ಯಂಟಿಬಯೋಟಿಕ್ ಕೂಡ ಅಣಬೆಯ ಪ್ಲೂರೊಮುಟಿಲಿನ್ ಅನ್ನುವ ಸಂಯುಕ್ತದಿಂದ ಬಂದಿದ್ದು. ಅದು 1951ರಲ್ಲೇ ಸಿಕ್ಕಿತ್ತು. ಅದೇ ಗುಂಪಿನ ಲೆಫಾಮುಲಿನ್ ಅನ್ನು ಮನುಷ್ಯರ ನ್ಯುಮೋನಿಯಾಕ್ಕೆ ಅಮೆರಿಕದಲ್ಲಿ ಒಪ್ಪಿದ್ದು 2019ರಲ್ಲಿ. ಸುಮಾರು 70 ವರ್ಷ ಹಿಡಿಯಿತು! ಕಾಡಣಬೆಯಲ್ಲಿ ಔಷಧಿ ಇದೆ ಅನ್ನುವುದರಲ್ಲಿ ನನಗೂ ನಿಮಗೂ ಜಗಳವೇ ಇಲ್ಲ. ಪ್ರತಿ ವರ್ಷ ಸುಟ್ಟು, ಕಡಿದು ಹಾಕುತ್ತಿರುವ ಕಾಡಿನಲ್ಲಿ ಇನ್ನೂ ಏನೇನು ಇತ್ತೋ ಅನ್ನುವುದೇ ನನ್ನ ಸಂಕಟ.

ಮಲೆನಾಡಿಗ_77
ಈ ಮಾತಿಗೆ ನನ್ನದು ಪೂರ್ತಿ ಒಪ್ಪಿಗೆ. ನಮ್ಮ ಕಡೆ ಅಕೇಶಿಯಾ ಹಾಕಿದ ಮೇಲೆ ಗುಡ್ಡದಲ್ಲಿ ಅಣಬೆಯೇ ಕಡಿಮೆ.

ಕಡಲ_ಕರೆ
ನಮ್ಮಲ್ಲೂ ಹಾಗೆಯೇ. ಕಲ್ಲಣಬೆ ಕಿರಾಲ್ ಬೋಗಿ ಇರುವಲ್ಲಿ ಮಾತ್ರ. ಮರ ಹೋದಲ್ಲಿ ಅಣಬೆ ಹೋಯಿತು. ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ಮಾರಾಯ್ರೆ.

ಬೀಜಾಣು
ಕ್ಷಮಿಸಿ ಅಣ್ಣ. ಕಲ್ಲಣಬೆ ಅಂದರೆ ಆಸ್ಟ್ರೇಯಸ್. ಅದು ಬೋಗಿಯಂಥ ಮರಗಳ ಬೇರಿಗೆ ಹೊಂದಿಕೊಂಡೇ ಬದುಕುತ್ತದೆ. ಅಣಬೆ ಮರಕ್ಕೆ ನೀರು, ರಂಜಕ ತಂದು ಕೊಡುತ್ತದೆ, ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಶ್ರೀಧರ್ ಅವರ ತಂಡ ನಮ್ಮ ಕರಾವಳಿಯ ಆಸ್ಟ್ರೇಯಸ್ ಮತ್ತು ಪಶ್ಚಿಮ ಘಟ್ಟದ ತಿನ್ನುವ ಅಣಬೆಗಳ ಬಗ್ಗೆ ಚೆನ್ನಾಗಿ ಕೆಲಸ ಮಾಡಿದೆ. ಬಂಗಾಳದಲ್ಲಿ ಇದೇ ಕುಲದಿಂದ ಆಸ್ಟ್ರಕುರ್ಕುರೋನ್ ಅನ್ನುವ ಸಂಯುಕ್ತ ತೆಗೆದು, ಕಾಲಾ ಅಜಾರ್ ಜ್ವರ ತರುವ ಲೀಶ್ಮೇನಿಯಾ ಪರೋಪಜೀವಿಯ ಮೇಲೆ ಪರೀಕ್ಷಿಸಿದರು, ಕೆಲಸ ಮಾಡಿತು. ಅದೂ ಪ್ರಯೋಗಾಲಯದಲ್ಲೇ. ಸುಕ್ಕ ಮಾಡಿ ತಿಂದರೆ ನಾರು, ಖನಿಜ, ಸ್ವಲ್ಪ ಪ್ರೋಟೀನ್ ಸಿಗುತ್ತದೆ, ರುಚಿಯಂತೂ ಇದ್ದೇ ಇದೆ. ಒಡೆದು ನೋಡಿ, ಒಳಗೆ ಬೆಳ್ಳಗಿದ್ದರೆ ಮಾತ್ರ ತಿನ್ನಿ. ಕಪ್ಪಾಗಿದ್ದರೆ ಅಲ್ಲೇ ಬಿಡಿ, ಅದರ ಪುಡಿಯೇ ಮುಂದಿನ ವರ್ಷದ ಬೀಜ.

ಕಡಲ_ಕರೆ
ಕಪ್ಪಾದ್ದನ್ನು ಗುಡ್ಡದಲ್ಲೇ ಒಡೆದು ಚೆಲ್ಲಲು ಮಕ್ಕಳಿಗೆ ಹೇಳುತ್ತೇನೆ.

ಬೆಂದಕಾಳೂರು
ನಮ್ಮ ಅಪಾರ್ಟ್‌ಮೆಂಟಿನ ಹುಲ್ಲಿನ ಮೇಲೆ ಮಳೆ ಬಂದ ಮೇಲೆ ದೊಡ್ಡ ದೊಡ್ಡ ಬಿಳಿ ಅಣಬೆ ಎದ್ದಿವೆ. ಕೆಲಸಕ್ಕೆ ಬರುವವರು ಹೆಗ್ಗಾಲ ಅಂತ ಕಿತ್ತುಕೊಂಡು ಹೋಗಲು ನೋಡುತ್ತಿದ್ದಾರೆ. ಸರಿ ಇರಬಹುದಾ?

ಬೀಜಾಣು
ಈಗಲೇ ತಡೆಯಿರಿ! ಹುಲ್ಲುಹಾಸಿನಲ್ಲಿ ಏಳುವ ದೊಡ್ಡ ಬಿಳಿ ಅಣಬೆ ಹೆಚ್ಚಾಗಿ ಕ್ಲೋರೊಫಿಲಂ ಮಾಲಿಬ್ಡೈಟಿಸ್ ಆಗಿರುತ್ತದೆ. ಸಾಯಿಸುವುದು ಅಪರೂಪ, ಆದರೆ ಒಂದರಿಂದ ಮೂರು ಗಂಟೆಯೊಳಗೆ ಭಯಂಕರ ವಾಂತಿ ಭೇದಿ. ಬಲಿತ ಒಂದು ಕೊಡೆಯನ್ನು ಬಿಳಿ ಕಾಗದದ ಮೇಲೆ ಕವುಚಿ ಹಾಕಿ, ಮೇಲೆ ಬಟ್ಟಲು ಮುಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ಪುಡಿಯ ಬಣ್ಣ ನೋಡಿ. ಹಸಿರಾಗಿದ್ದರೆ ಇದೇ. ಹುತ್ತದ ಅಣಬೆಯದ್ದು ತೆಳು ಗುಲಾಬಿ, ಬುಡದಲ್ಲಿ ಹುತ್ತದೊಳಕ್ಕೆ ಇಳಿದ ಉದ್ದ ಬೇರಿನಂಥದ್ದು ಇರುತ್ತದೆ. ಅಮಾನಿಟಾದ್ದು ಬಿಳಿ, ಬುಡದಲ್ಲಿ ಮಣ್ಣೊಳಗೆ ಚೀಲದಂಥ ಬಟ್ಟಲು. ಅರ್ಧದಲ್ಲಿ ಮುರಿದು ಕಿತ್ತರೆ ಇದ್ಯಾವುದೂ ಕಾಣುವುದಿಲ್ಲ, ಒಂದನ್ನಾದರೂ ಬುಡ ಅಗೆದು ನೋಡಬೇಕು. ಇದೆಲ್ಲ ತಿನ್ನಬಾರದ್ದನ್ನು ಬದಿಗಿಡಲು ಮಾತ್ರ. ಇಷ್ಟು ನೋಡಿದೆವು ಅಂತ ತಿನ್ನಲು ಹೊರಡಬೇಡಿ.

ಬೆಂದಕಾಳೂರು
ಕೀಳದಂತೆ ತಡೆದೆ, ಒಂದನ್ನು ಕಾಗದದ ಮೇಲೆ ಇಟ್ಟಿದ್ದೇನೆ. ನಾಳೆ ಹೇಳುತ್ತೇನೆ.

ತುಂಗಾತೀರ
ಕಡೆಯದಾಗಿ ಒಂದು ಕೇಳುತ್ತೇನೆ. ಅಪ್ಪನಿಗೆ ಅಣಬೆ ಆಸೆ ಹಾಗೇ ಉಳಿದಿದೆ. ಊಟಕ್ಕೆ ಪಲ್ಯ, ಸಾರು ಮಾಡಿಕೊಡಬಹುದಾ?

ಗುಳಿಗೆ_ಅಂಗಡಿ
ಧಾರಾಳವಾಗಿ. ಬೆಳೆಸಿದ ಚಿಪ್ಪಣಬೆ, ಬಟನ್, ಹಾಲಣಬೆ ಯಾವುದಾದರೂ ಚೆನ್ನಾಗಿ ಬೇಯಿಸಿ ಕೊಡಿ. ಎಣ್ಣೆ, ಉಪ್ಪು ಕಡಿಮೆ. ಊಟದಲ್ಲಿ ತಿನ್ನುವಷ್ಟಕ್ಕೆ ಅವರ ಗುಳಿಗೆಗೆ ಏನೂ ತೊಂದರೆ ಇಲ್ಲ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಪೊಟ್ಯಾಸಿಯಂ ಲೆಕ್ಕ ನೋಡಬೇಕು, ಅದನ್ನು ಡಾಕ್ಟರ್ ಹತ್ತಿರ ಕೇಳಿ.

ಸಂಪಿಗೆ_ಬನ
ಚಿಪ್ಪಣಬೆ ಮನೆಯಲ್ಲೇ ಬೆಳೆಯಬಹುದು ಅಂತಾರಲ್ಲ, ಬೀಜ ಎಲ್ಲಿ ಸಿಗುತ್ತದೆ?

ಅಡಿಕೆಮನೆ
ಬೆಂಗಳೂರಿನ ಹೆಸರಘಟ್ಟದಲ್ಲಿ ಐಐಎಚ್‌ಆರ್ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ಇದೆ, ಅಲ್ಲಿ ಬೀಜವೂ ಕೊಡುತ್ತಾರೆ, ತರಬೇತಿಯೂ ಇದೆ. ಮೊದಲೇ ಫೋನ್ ಮಾಡಿ ಹೆಸರು ಬರೆಸಿ, ಸುಮ್ನೆ ಹೋದರೆ ಸಿಗದೆ ಇರಬಹುದು. ಬಿಸಿಲು ಜಾಸ್ತಿ ಇರುವ ಊರಾದರೆ ಹಾಲಣಬೆ ತಗೊಳ್ಳಿ, ಮಲೆನಾಡಿನ ತಂಪಿಗೆ ಚಿಪ್ಪಣಬೆ. ಒಣಗಿದ ಭತ್ತದ ಹುಲ್ಲು ಮಳೆಗೆ ನೆನೆಯದ್ದು ಇರಲಿ.